ಆರನೆಯ ಗುಂಡುಸೂಜಿ

ನಮ್ಮಣ್ಣನ ಬಾಯಲ್ಲಿ ಹಲ್ಲಿಗಿಂತ ಗುಂಡುಸೂಜಿಗೇ ಮರ್ಯಾದೆ ಹೆಚ್ಚು. ಮೂವತ್ತೊಂದು ವರ್ಷದಿಂದ ಟೈಲರ್ ಅವನು. ಬಟ್ಟೆಗೆ ಕೈ ಹಾಕುವ ಮೊದಲು ಡಬ್ಬಿಯಿಂದ ಆರು ಗುಂಡುಸೂಜಿ ತೆಗೆದು ತುಟಿಯ ಎಡ ಮೂಲೆಯಲ್ಲಿ ಕಚ್ಚಿಕೊಳ್ಳುತ್ತಾನೆ. ಐದಲ್ಲ, ಏಳಲ್ಲ. ಹಾಗೇ ಗಿರಾಕಿಯ ಜೊತೆ ಹರಟುತ್ತಾನೆ, ನನ್ನನ್ನು ಬೈಯುತ್ತಾನೆ, ಒಂದು ಸಲ ತೂಕಡಿಸಿದ್ದೂ ಉಂಟು. "ನನ್ನ ತುಟಿಗೆ ಲೆಕ್ಕ ಗೊತ್ತು ಕಣೇ" ಅನ್ನುವುದು ಅವನ ಜಂಬ. ಅದೇ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹೊಲಿಯುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿತ್ತು.

ಅವನ ಎಡ ದವಡೆಯ ಹಲ್ಲು ಹುಳುಕಾಗಿ ತಿಂಗಳಾಗಿತ್ತು. ಉಪ್ಪುನೀರು ಮುಕ್ಕಳಿಸಿದ, ಮಾತ್ರೆ ನುಂಗಿದ, ಸುಮ್ಮಸುಮ್ಮನೆ ನನ್ನ ಮೇಲೆ ರೇಗಾಡಿದ. ಕೊನೆಗೆ ಕೆನ್ನೆ ಬನ್ನಿನ ಹಾಗೆ ಊದಿಕೊಂಡಾಗ ನಾನೇ ದರದರ ಎಳೆದುಕೊಂಡು ಹೋದೆ.

ಹಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಎರಡು ಇಂಜೆಕ್ಷನ್ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತುಟಿ ಒತ್ತಿ ನೋಡಿದಳು.

"ಗೊತ್ತಾಗುತ್ತಾ?"

"ಇಲ್ಲಮ್ಮ, ಆ ಕಡೆ ಮುಖಾನೇ ಇಲ್ಲ ಅನ್ನಿಸ್ತಿದೆ."

ಕಟಕ್ ಎಂದು ಸದ್ದಾಯಿತು. ಬೇರು ಸಮೇತ ಹಲ್ಲು ತಟ್ಟೆಗೆ ಬಿತ್ತು. ಅವಳು ಹತ್ತಿ ಕಚ್ಚಿಸಿ, "ಇನ್ನೂ ಮೂರು ಗಂಟೆ ಮರಗಟ್ಟಿರುತ್ತೆ. ತುಟಿ ಕಚ್ಚಿಕೊಂಡ್ರೂ ಗೊತ್ತಾಗಲ್ಲ, ಹುಷಾರು. ಎಂಜಲು ಉಗುಳಬೇಡಿ, ನುಂಗಿಬಿಡಿ" ಎಂದಳು. ಏನು ಕೆಲಸ ಮಾಡ್ತೀರಿ ಎಂದು ಅವಳು ಕೇಳಲಿಲ್ಲ. ಇವನು ಹೇಳಲಿಲ್ಲ. ನನಗೂ ಹೊಳೆಯಲಿಲ್ಲ, ಅದಕ್ಕೇ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು.

ಮನೆಗೆ ಹೋಗೋಣ ಎಂದರೆ ಅವನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಸಂಜೆ ಐದಕ್ಕೆ ಒಂದು ಕೋಟು ಕೊಡಬೇಕಿತ್ತು, ಸೀದಾ ಅಂಗಡಿಗೆ ಬಂದು ಕೆಲಸಕ್ಕೆ ಕೂತ. ನಾನು ದಾರ ಪೋಣಿಸುತ್ತ ತಲೆ ಬಗ್ಗಿಸಿದ್ದೆ. ತಲೆ ಎತ್ತಿದಾಗ ಅವನು ಕೋಟಿನ ಅಂಚು ಮಡಿಸಿ, ಸೂಜಿಗಾಗಿ ತುಟಿ ತಡವುತ್ತಿದ್ದ. ಕೈಗೆ ಏನೂ ಸಿಗಲಿಲ್ಲ. ಅಂಚಿನಲ್ಲಿ ಐದು ಸೂಜಿ ಸಾಲಾಗಿ ಹೊಳೆಯುತ್ತಿದ್ದವು.

"ಬಿದ್ದಿರಬೇಕು" ಎಂದ, ತೊದಲುತ್ತ.

ಸೂಜಿ ಹೆಕ್ಕುವ ಅಯಸ್ಕಾಂತ ಹಿಡಿದು ನಾನು ನೆಲವನ್ನೆಲ್ಲ ಸವರಿದೆ. ಮೇಜಿನ ಕೆಳಗೆ, ಮಿಷಿನ್ನಿನ ಪೆಡಲ್ ಸಂದಿ, ಚಿಂದಿ ಬುಟ್ಟಿ. ಒಂದೂ ಸಿಗಲಿಲ್ಲ. ಕೋಟನ್ನು ಒಳಗು ಹೊರಗು ಮಾಡಿ ಹೊಲಿಗೆ ಹೊಲಿಗೆ ತಡವಿದೆ. ಅವನ ಬಾಯಿ ತೆರೆಸಿ ಟಾರ್ಚ್ ಬಿಟ್ಟೆ. ಹತ್ತಿ, ರಕ್ತ, ಅಷ್ಟೇ.

"ನಡಿ ಅಣ್ಣ, ಆಸ್ಪತ್ರೆಗೆ ಹೋಗೋಣ."

"ಹೋಗಿ ಏನಂತ ಹೇಳ್ಲಿ? ಟೈಲರ್ ಸೂಜಿ ನುಂಗಿದ ಅಂತಾನಾ? ಬೀದಿಯೆಲ್ಲ ನಗುತ್ತೆ. ಒಳಗೆ ಹೋಗಿದ್ರೆ ಚುಚ್ಚುತ್ತಿರಲಿಲ್ವಾ?"

"ನಿನಗೆ ತುಟಿ ಇದೆ ಅನ್ನೋದೇ ಗೊತ್ತಿಲ್ಲ, ಚುಚ್ಚೋದು ಗೊತ್ತಾಗುತ್ತಾ?"

ಅವನು ಎಂಜಲು ನುಂಗಿದ. ಗಂಟಲಿನ ಗುಬುಟು ಮೇಲೆ ಹೋಗಿ ಕೆಳಗೆ ಬಂತು. ನೋಡಲಾರದೆ ನಾನು ಮುಖ ತಿರುಗಿಸಿದೆ. ಮೂರು ಸಲ ಕೈ ಹಿಡಿದು ಎಳೆದೆ, ಮೂರು ಸಲವೂ ಕೊಡವಿಕೊಂಡ. ಆಮೇಲೆ ಇಬ್ಬರೂ ಗಡಿಯಾರ ನೋಡುತ್ತ ಹೊಲಿದೆವು. ಅವನು ಮತ್ತೆ ಬಾಯಿಗೆ ಸೂಜಿ ಇಡಲಿಲ್ಲ.

ನಾಲ್ಕರ ಹೊತ್ತಿಗೆ ತುಟಿ ಮುಟ್ಟಿ ನೋಡಿಕೊಂಡ. "ಜುಮುಜುಮು ಅಂತಿದೆ!" ಎಂದ. ಸ್ವಲ್ಪ ಹೊತ್ತಿಗೆ ಹಲ್ಲು ಕಿತ್ತ ಜಾಗ ನೋಯತೊಡಗಿತು. ನೋವು ಬಂದದ್ದಕ್ಕೆ ಅಷ್ಟೊಂದು ಖುಷಿಪಟ್ಟ ಮನುಷ್ಯನನ್ನು ನಾನು ಕಂಡಿಲ್ಲ. "ನೋಡಿದ್ಯಾ? ಹಲ್ಲಿನ ನೋವು ಬಿಟ್ರೆ ಏನೂ ಇಲ್ಲ. ನೀರು ಕೊಡು."

ಕೊಟ್ಟೆ. ಒಂದು ಗುಟುಕು ಕುಡಿದ.

ಲೋಟ ಅಲ್ಲೇ ನಿಂತಿತು. ಕತ್ತು ಅಲ್ಲಾಡಿಸಲೂ ಹೆದರಿದವನ ಹಾಗೆ ಮೆಲ್ಲಗೆ ಲೋಟ ಇಟ್ಟು, ಮೇಜಿನ ಮೇಲಿದ್ದ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡ. ಗಿರಾಕಿಯ ಬಟ್ಟೆಯಲ್ಲಿ ಬಿಚ್ಚಿ ಸರಿಮಾಡಬೇಕಾದ ಕಡೆ ಹಾಕುವ ಹಾಗೇ, ತನ್ನ ಗಂಟಲಿನ ಮೇಲೆ ಒಂದು ಸಣ್ಣ ಅಡ್ಡಗೆರೆ ಎಳೆದ.