ಶಟರ್‌ಗೆ ಸಿಕ್ಕ ಬೆರಳು

ಮೊನ್ನೆ ಮಗಳು ಜೂಡೋ ಕ್ಲಾಸಿನಿಂದ ಬಂದು ಬೆರಳಿಗೆ ಸುತ್ತಿದ್ದ ಬಿಳಿ ಪಟ್ಟಿ ಬಿಚ್ಚಿ ಊಟದ ಟೇಬಲ್ ಮೇಲಿಟ್ಟಳು. ಬೆವರು, ಅಂಟು ಕೂಡಿದ ಆ ವಾಸನೆಗೆ ನಾನು ತಟ್ಟೆ ಬಿಟ್ಟು ಎದ್ದೆ. ಹರಪನಹಳ್ಳಿಯ ಗರಡಿ, ನಮ್ಮ ವಸ್ತಾದರು…

ತೊಂಬತ್ತರ ದಶಕದ ಕೊನೆ. ನನಗೆ ಹತ್ತೊಂಬತ್ತು, ಮೈತುಂಬ ಸೊಕ್ಕು. ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರು ಹೊಟ್ಟೆಪಾಡಿಗೆ ಟೇಲರ್. ತೆಲಿಗಿ, ಬಾಗಳಿ ಕಡೆಯವರೂ ಜುಬ್ಬಾ ಹೊಲಿಸಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಣ್ಣಿಗಿಳಿಯುವ ಮುಂಚೆ ಅವರು ನಮ್ಮ ಬೆರಳಿಗೆಲ್ಲ ಪಟ್ಟಿ ಸುತ್ತೋರು. ನೊಂದ ಬೆರಳನ್ನು ಪಕ್ಕದ್ದಕ್ಕೆ ಜೋಡಿಸಿ, ಗೆಣ್ಣು ಬಿಟ್ಟು, ಮೇಲೊಂದು ಕೆಳಗೊಂದು ಸುತ್ತು. "ಮಡಚಿ ನೋಡಲೇ. ಜೋಮು ಹಿಡದ್ರ ಹೇಳು," ಅನ್ನೋರು. ಇದೇನು ಬಾಣಂತಿ ಆರೈಕೆ ಅಂತ ನಾವು ನಗುತ್ತಿದ್ದೆವು.

ಒಂದು ಸಂಜೆ ಪಟ್ಟಿ ನನ್ನ ಬೆರಳಿಗೇ ಮುಗಿದುಹೋಯಿತು. ಅವರದು ಬರಿಗೈ. ಇನ್ನೊಂದು ವಾರದಲ್ಲಿ ಹಡಗಲಿಯಲ್ಲಿ ನನ್ನ ಕುಸ್ತಿ ಇತ್ತು, ಹಾಗಾಗಿ ಉಳಿದವರೆಲ್ಲ ಹೋದ ಮೇಲೂ ನನ್ನೊಬ್ಬನ ಜೊತೆ ಆಡಿದರು. ಎರಡು ಸಲ ಕೆಡವಿ ನಕ್ಕರು. ನನ್ನ ತಲೆ ಕೆಟ್ಟಿತು. ಬೆರಳು ಹಿಡಿಯಬಾರದು, ಮುಂಗೈ ಹಿಡಿಯಬೇಕು ಅಂತ ಕಲಿಸಿದವರೇ ಅವರು. ಮೂರನೇ ಸಲ ಅವರ ಬಲಗೈಯ ಎರಡು ಬೆರಳು ಸಿಕ್ಕವು. ಬೇಕಂತಲೇ ತಿರುವಿದೆ. ಲಟಕ್ಕೆಂದಿತು.

"ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದರು, ಮುಖ ಬೆವರುತ್ತಿತ್ತು. "ಗೊತ್ತಾದ್ರ ನಿನ್ನ ಗರಡ್ಯಾಗ ಇಟ್ಕಳಂಗಿಲ್ಲ." ಮನೆಯಲ್ಲಿ, ಅಂಗಡಿ ಶಟರ್ ಎಳೆಯುವಾಗ ಬೆರಳು ಸಿಕ್ಕಿತು ಅಂತ ಹೇಳಿಕೊಂಡರು.

ಹಡಗಲಿಗೆ ಹೊರಟ ದಿನ ಹಲ್ಲಿನಿಂದ ಪಟ್ಟಿ ಹರಿದು, ಎಡಗೈಯಿಂದ ನನ್ನ ಬೆರಳಿಗೆ ಸುತ್ತಿದರು. ಗೆದ್ದು ಬಂದೆ, ನಾಚಿಕೆಗೆಟ್ಟವನು.

ಅವರ ಬೆರಳು ಸೊಟ್ಟಗೆ ಕೂಡಿಕೊಂಡವು. ಕತ್ತರಿಯ ಹಿಡಿಗೆ ತೂರಲಿಲ್ಲ. ಅಂಗಡಿ ಮುಚ್ಚಿ, ಇನ್ನೊಬ್ಬರ ಅಂಗಡಿಯಲ್ಲಿ ಕಾಜಾ-ಗುಂಡಿ ಹಾಕಲು ಕೂತರು. ನಾನು ದಾರಿ ಬದಲಿಸಿ ಓಡಾಡಿದೆ, ಆಮೇಲೆ ಊರನ್ನೇ ಬಿಟ್ಟೆ… ಮೂರು ವರ್ಷದ ಹಿಂದೆ ಅವರು ತೀರಿಕೊಂಡಾಗಲೂ ಹೋಗಲಿಲ್ಲ.

ಊಟ ಬಿಟ್ಟೆದ್ದ ಮರುದಿನ ಬಸ್ಸು ಹತ್ತಿದೆ. ಅವರ ಹೆಂಡತಿಗಾದರೂ ಹೇಳಿಬಿಡಬೇಕು ಅಂತ. ಆಕೆ ಗುರುತು ಹಿಡಿದು ಚಾ ಇಟ್ಟರು. ನಾನು ಬಾಯಿ ತೆರೆಯುವ ಮೊದಲು ಅವರೇ ಶುರು ಮಾಡಿದರು.

"ಅವತ್ತು ನೆಂಟರು ಬಂದಿದ್ರಪ್ಪಾ. ಲಗೂನ ಬರ್ರಿ ಅಂತ ನಾನ ಹೇಳಿ ಕಳಿಸಿದ್ದೆ. ಆ ಅವಸರಕ್ಕ ಶಟರ್‌ನ್ಯಾಗ ಬೆರಳು ಕೊಟ್ಕಂಡ್ರು. ಅವರ ಕೈ ಹೋಗಿದ್ದು ನನ್ನಿಂದ."

ಇಪ್ಪತ್ತು ವರ್ಷದ ಮೇಲಾಯಿತು, ಆಕೆ ಇದನ್ನೇ ನಂಬಿಕೊಂಡು ಕೂತಿದ್ದಾರೆ. ಅಲ್ಲ ಅನ್ನಲು ಈಗ ನಾನೊಬ್ಬನೇ ಉಳಿದವನು.

"ಆರತೈತಿ, ಕುಡಿ," ಅಂದರು.

ಕುಡಿದು ಬಂದೆ.