ಮರಳುಚೀಲದ ಮೇಲೆ ಕೂತು ಹೇಳಿದ ಅಭಿಪ್ರಾಯ

ನಮ್ಮೂರಲ್ಲಿ ಕೂತು ಉಣ್ಣುವವರು ಬೇಕಾದಷ್ಟು ಜನ ಇದ್ದಾರೆ. ಬೇರೆಯವರನ್ನು ಕೂರಿಸಿ ಉಣ್ಣುವವನು ಮೆತ್ತಣ್ಣ ಒಬ್ಬನೇ. ಮೋಟರ್ ಸೈಕಲ್ಲಿನ ಸೀಟು ಬಿಚ್ಚಿ, ಒಳಗಿನ ಸ್ಪಂಜನ್ನು ಕೂರುವವರ ಮೈಗೆ ತಕ್ಕಂತೆ ಕೆತ್ತಿ, ಮೇಲೆ ಹೊಸ ರೆಕ್ಸಿನ್ ಹೊದಿಸಿ ಕೊಡುವುದು ಅವನ ಮೂವತ್ತು ವರ್ಷದ ಕಸುಬು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ. ಮಾಡುವುದು ಮೆತ್ತೆ, ಆಡುವ ಮಾತೂ ಮೆತ್ತಗೆ. ಹೀಗಾಗಿ ಬೀದಿಯವರು ಮೆತ್ತಣ್ಣ ಎಂದರು, ಅದೇ ಅಂಟಿಕೊಂಡಿತು. ಅವನ ಅಂಗಡಿಯಲ್ಲಿ ಯಾವುದು ತಾನೇ ಅಂಟಿಕೊಳ್ಳುವುದಿಲ್ಲ? ಬಾಗಿಲು ದಾಟುವಷ್ಟರಲ್ಲಿ ಒಂದು ಚೂರು ಸ್ಪಂಜು ಚಪ್ಪಲಿಗೆ, ಒಂದು ನೂಲು ಪ್ಯಾಂಟಿಗೆ, ಅಂಟಿನ ವಾಸನೆ ಮೂಗಿಗೆ.

ಬೀಗದ ಕೈ ಮಾಡುವವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ ಅದು. ಹಳೆಯ ಸೀಟುಗಳನ್ನು ಗೋಡೆಯ ಮೊಳೆಗಳಿಗೆ ನೇತುಹಾಕಿರುತ್ತಾನೆ. ಕೋಣೆಯ ಕೊನೆಯಲ್ಲಿ, ಕಿಟಕಿಯ ಬೆಳಕಿಗೆ, ಅತ್ತಿಗೆಯ ಹೊಲಿಗೆ ಯಂತ್ರ. ಅತ್ತಿಗೆ ಎಂದರೆ ಮೆತ್ತಣ್ಣನ ಹೆಂಡತಿ. ನನಗೆ ರಕ್ತಸಂಬಂಧವಲ್ಲ, ಒಂದೇ ಓಣಿಯಲ್ಲಿ ಬೆಳೆದ ಸಂಬಂಧ. ಸೀಟಿನ ಅಂಚಿನುದ್ದಕ್ಕೂ ಓಡುವ ತೆಳ್ಳನೆಯ ಪೈಪಿಂಗ್ ಗೆರೆ ಇರುತ್ತದಲ್ಲ, ಅದು ಅವರ ಕೈಯದು. ಯಂತ್ರ ತಿರುಗಲಾರದ ಮೂಲೆಗಳಲ್ಲಿ ಬಾಗಿದ ಸೂಜಿ ಹಿಡಿದು ಕೈಯಲ್ಲೇ ಹೊಲಿಯುತ್ತಿದ್ದರು. ಗಿರಾಕಿಗಳು ಹೊಗಳುತ್ತಿದ್ದದ್ದು ಮೆತ್ತಣ್ಣನನ್ನು. ನೋಡಿ ಹೊಗಳುತ್ತಿದ್ದದ್ದು ಅತ್ತಿಗೆಯ ಗೆರೆಯನ್ನು.

ಮೆತ್ತಣ್ಣನದೊಂದು ಕ್ರಮವಿತ್ತು. ಸ್ಪಂಜಿಗೆ ಕತ್ತಿ ಹಾಕುವ ಮುಂಚೆ ಗಿರಾಕಿಯನ್ನು ಗಾಡಿಯ ಎತ್ತರಕ್ಕೆ ಮಾಡಿದ ಮರದ ಕುದುರೆಯ ಮೇಲಿಟ್ಟ ನುಣುಪು ಮರಳಿನ ಚೀಲದ ಮೇಲೆ ಹತ್ತು ನಿಮಿಷ ಕೂರಿಸುತ್ತಿದ್ದ. ಅಲ್ಲಾಡುವ ಹಾಗಿಲ್ಲ. ಎದ್ದಮೇಲೆ ಉಳಿದ ಗುಳಿಯನ್ನು ಅಂಗೈಯಲ್ಲಿ ಸವರಿ ನೋಡಿ, ಎಲ್ಲಿ ಕೆತ್ತಬೇಕು ಎಲ್ಲಿ ಬಿಡಬೇಕು ಎಂದು ಗುರುತು ಹಾಕುತ್ತಿದ್ದ. ಹತ್ತು ನಿಮಿಷ ಸುಮ್ಮನೆ ಕೂರುವುದು ಗಂಡಸರಿಗೆ ಆಗದ ಕೆಲಸ. ಹಾಗಾಗಿ ಮಾತು. ಮೆತ್ತಣ್ಣ ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದ: "ಗಾಡಿ ಹೇಗಿದೆ ಸಾರ್?"

ಸುಮ್ಮನೆ ಕೇಳಿದ್ದಲ್ಲ. ಅವನಿಗೊಂದು ದೊಡ್ಡ ಗಾಡಿ ಬೇಕಿತ್ತು. ದೂರದೂರಕ್ಕೆ ಹೋಗಲೆಂದೇ ಮಾಡಿದ, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಮೂರು ಪೆಟ್ಟಿಗೆ, ಹಾಡು ಹೇಳುವ ಸ್ಪೀಕರ್ ಇರುವ ಭಾರೀ ಗಾಡಿ. ಅವನ ಕಣ್ಣು ಇದ್ದದ್ದು ಇದ್ಯಾವುದರ ಮೇಲೂ ಅಲ್ಲ, ಹಿಂದಿನ ಸೀಟಿನ ಮೇಲೆ. ಅದಕ್ಕೆ ಬೆನ್ನಿಗೆ ಒರಗು, ಎರಡೂ ಕಡೆ ಕೈ ಇಡಲು ಜಾಗ. ಇಪ್ಪತ್ತಾರು ವರ್ಷದಿಂದ ಅತ್ತಿಗೆ ಅವನ ಸ್ಕೂಟರಿನ ಹಿಂದೆ, ರೆಕ್ಸಿನ್ ಸುರುಳಿಗೂ ಸ್ಪಂಜಿನ ಹಾಳೆಗೂ ನಡುವೆ ಉಳಿದ ನಾಲ್ಕು ಬೆರಳು ಜಾಗದಲ್ಲಿ ಕೂತು ಓಡಾಡಿದ್ದರು.

"ಊರಿನವರಿಗೆಲ್ಲ ಕೂರೋಕೆ ಜಾಗ ಮಾಡಿಕೊಟ್ಟೆ. ಇವಳನ್ನ ಒಂದು ಸಲ ರಾಣಿ ಥರ ಕೂರಿಸಿಕೊಂಡು ಸಮುದ್ರದ ತನಕ ಹೋಗಿಬರಬೇಕು ಕಣೋ" ಎನ್ನುತ್ತಿದ್ದ.

"ಯಾಕೆ, ಸಮುದ್ರಕ್ಕೆ ಬಸ್ಸು ನಿಂತುಹೋಯ್ತಾ?" ಅತ್ತಿಗೆ ಯಂತ್ರ ನಿಲ್ಲಿಸದೆ ಕೇಳುತ್ತಿದ್ದರು. ಆದರೆ ಅವನು ಆ ಮಾತು ತೆಗೆದ ದಿನ ಅವರ ಕಾಲು ಯಂತ್ರದ ಪೆಡಲನ್ನು ಸ್ವಲ್ಪ ಜೋರಾಗಿ ತುಳಿಯುತ್ತಿತ್ತು. ಅದು ನನಗೂ ಗೊತ್ತಿತ್ತು.

ಅಂಥದೇ ಒಂದು ಗಾಡಿಯನ್ನು ನಾನು ಎರಡು ವರ್ಷದ ಹಿಂದೆಯೇ ಕೊಂಡಿದ್ದೆ. ನನ್ನ ವಯಸ್ಸಿನಲ್ಲಿ ಕೆಲವರಿಗೆ ಶುಗರ್ ಬರುತ್ತದೆ, ಕೆಲವರಿಗೆ ಮೋಟರ್ ಸೈಕಲ್ ಬರುತ್ತದೆ. ಊರಿನಲ್ಲಿ ಇನ್ನಿಬ್ಬರ ಬಳಿ ಅಂಥದ್ದಿತ್ತು: ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಟೈಲ್ಸ್ ಅಂಗಡಿಯವರು. ಭಾನುವಾರ ಬೆಳಗ್ಗೆ ಮೂವರೂ ಸೇರಿ ಗಾಡಿ ಓಡಿಸುವುದಕ್ಕಿಂತ ಹೆಚ್ಚಾಗಿ ಒರೆಸುತ್ತಿದ್ದೆವು.

ಡಾಕ್ಟರು ಹೊಸ ಮಾದರಿ ತರಿಸುವವರಿದ್ದರು, ಹಳೆಯದನ್ನು ಮಾರುವವರಿದ್ದರು. ಮೆತ್ತಣ್ಣ ಆಸೆಪಟ್ಟದ್ದು ಅದಕ್ಕೇ. ಒಂದು ಭಾನುವಾರ ಮೂವರೂ ಅವನ ಅಂಗಡಿಯಲ್ಲಿದ್ದೆವು. ನನ್ನ ಸೀಟು ಬಿಚ್ಚಿ ಮೇಜಿನ ಮೇಲಿಟ್ಟಿದ್ದ. ನಾನು ಮರಳುಚೀಲದ ಮೇಲೆ.

"ರಾಜ ಗಾಡಿ ಕಣ್ರೀ" ಎಂದರು ಡಾಕ್ಟರು. "ನೂರರಲ್ಲಿ ಹೋಗುವಾಗ ಕೈಯಲ್ಲಿ ಲೋಟ ಹಿಡ್ಕೊಂಡಿದ್ರೂ ತುಳುಕಲ್ಲ."

"ಇದನ್ನ ಕೊಂಡ ಮೇಲೆ ನಂಗೆ ಸೊಂಟನೋವೇ ಮರೆತುಹೋಯ್ತು" ಎಂದರು ಟೈಲ್ಸಿನವರು.

ಮೆತ್ತಣ್ಣ ಇಬ್ಬರ ಮಾತಿಗೂ ತಲೆಯಾಡಿಸಿ ನನ್ನ ಕಡೆ ತಿರುಗಿದ. "ಅವರಿಬ್ಬರೂ ದೊಡ್ಡವರು. ನೀನು ನಮ್ಮವನು. ಜನ ಬಿದ್ದ ಕಥೆ ಹೇಳಿದ್ರೆ ಅದರಲ್ಲಿ ನಿಜ ಎಷ್ಟು ಅಂತ ತೂಗೋದೇ ನಿನ್ನ ಕೆಲಸ. ನೀನು ಹೇಳು. ನನ್ನಂಥ ಗಿಡ್ಡನಿಗೆ, ಇವಳನ್ನ ಹಿಂದೆ ಕೂರಿಸಿಕೊಂಡು, ಆಗುತ್ತಾ?"

ನನ್ನ ಕೆಲಸ ವಿಮಾ ಕಚೇರಿಯಲ್ಲಿ. ಅಪಘಾತದ ಅರ್ಜಿಗಳಲ್ಲಿ ಸುಳ್ಳು ಹುಡುಕಿ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು.

ಈಗ ನಿಜ ಹೇಳುತ್ತೇನೆ. ಆ ಗಾಡಿ ಓಡುವಾಗ ಹಂಸ, ನಿಂತಾಗ ಆನೆ. ಮುನ್ನೂರೆಂಬತ್ತು ಕಿಲೋ. ದೊಡ್ಡ ರಸ್ತೆಯಲ್ಲಿ ಅದರ ತೂಕ ಎಲ್ಲಿಗೋ ಮಾಯವಾಗುತ್ತದೆ. ನಡಿಗೆಯ ವೇಗಕ್ಕೆ ಇಳಿಸಿ ಹ್ಯಾಂಡಲ್ ಪೂರ್ತಿ ತಿರುಗಿಸಿದಿರೋ, ಹೋದ ತೂಕವೆಲ್ಲ ನೆಂಟರ ಸಮೇತ ವಾಪಸ್ ಬರುತ್ತದೆ. ಆಗ ಮುಂದಿನ ಬ್ರೇಕನ್ನು ಮುಟ್ಟಲೇಬಾರದು. ಇದನ್ನು ನಾನು ಕಲಿತದ್ದು ಗಾಡಿ ಕೊಂಡ ಎರಡನೇ ವಾರ, ಪೆಟ್ರೋಲ್ ಬಂಕಿನ ಮುಂದಿನ ಜಲ್ಲಿಯ ಮೇಲೆ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಗಾಡಿ ಸಮೇತ ಮಲಗಿದಾಗ. ಪೆಟ್ರೋಲ್ ಹಾಕುವ ಮೂವರು ಬಂದು ಎತ್ತಿದರು: ಮೊದಲು ಹೆಂಡತಿಯನ್ನು, ಆಮೇಲೆ ಗಾಡಿಯನ್ನು, ಕೊನೆಗೆ ನನ್ನನ್ನು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನನ್ನಾಕೆ ಸೀರೆ ಕೊಡವಿಕೊಂಡು, "ಇನ್ನು ಮೇಲೆ ನೀವುಂಟು, ನಿಮ್ಮ ಎರಡನೇ ಸಂಸಾರ ಉಂಟು" ಎಂದು ಬಸ್ಸು ಹತ್ತಿದಳು. ಆಮೇಲೆ ಆ ಸೀಟಿನ ಮೇಲೆ ಕೂರಲೇ ಇಲ್ಲ.

ಇಷ್ಟನ್ನೂ ಹೇಳಲು ಎರಡು ನಿಮಿಷ ಸಾಕಿತ್ತು. ಆದರೆ ಎದುರಿಗೆ ಡಾಕ್ಟರು, ಪಕ್ಕದಲ್ಲಿ ಟೈಲ್ಸಿನವರು. ಇಬ್ಬರೂ ಒಂದು ಸಲವೂ ಬೀಳದವರು. ಅವರ ಮುಂದೆ ಬಿದ್ದವನು ಎನಿಸಿಕೊಳ್ಳಲು ಮನಸ್ಸು ಬರಲಿಲ್ಲ.

"ಧೈರ್ಯವಾಗಿ ತಗೋ ಅಣ್ಣಾ" ಎಂದೆ. "ಹೆಣ್ಣುಮಕ್ಕಳಿಗಂತೂ ಸೋಫಾ ಇದ್ದ ಹಾಗೆ. ನಮ್ಮನೆಯವಳು ಹತ್ತಿದ್ರೆ ಇಳಿಯೋದೇ ಇಲ್ಲ."

ಅತ್ತಿಗೆಯ ಯಂತ್ರ ಒಂದು ಕ್ಷಣ ನಿಂತು, ಮತ್ತೆ ಓಡಿತು. ನಾನು ಎದ್ದ ಮೇಲೆ ಮೆತ್ತಣ್ಣ ಮರಳನ್ನು ಅಂಗೈಯಲ್ಲಿ ಸವರಿದ.

ಗಾಡಿ ಬಂತು. ಅದರ ಮೇಲೆ ಕೂತರೆ ಅವನಿಗೆ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಅದಕ್ಕೆ ಮುಂದಿನ ಸೀಟಿನ ಸ್ಪಂಜನ್ನು ಕೆತ್ತಿದ, ಇನ್ನೂ ಕೆತ್ತಿದ, ಕೊನೆಗೆ ತಳದ ಹಲಗೆಗೆ ಬರೀ ಬಟ್ಟೆ ಸುತ್ತಿದ ಹಾಗಾಯಿತು. ಊರಿನವರ ಹಿಂಭಾಗವನ್ನೆಲ್ಲ ಸುಖದಲ್ಲಿಟ್ಟವನು ತಾನು ಹಲಗೆಯ ಮೇಲೆ ಕೂತ. ಮುಂದೆ ತೆಗೆದದ್ದನ್ನೆಲ್ಲ ಹಿಂದೆ ಸೇರಿಸಿದಂತೆ ಅತ್ತಿಗೆಯ ಸೀಟು ಎದ್ದಿತು: ಮೂರು ಪದರ ಸ್ಪಂಜು, ಕಂದು ಬಣ್ಣದ ಹೊದಿಕೆ. ಪೈಪಿಂಗ್ ಅತ್ತಿಗೆಯೇ ಹಾಕಿಕೊಂಡರು. ತನ್ನ ಸೀಟಿಗೆ ತಾನೇ ಹೊಲಿಯುವಾಗ ಅವರು ಏನೋ ಗುನುಗುತ್ತಿದ್ದರು. ಅವರ ಗಂಟಲಿನಿಂದ ಹಾಡು ಬಂದದ್ದನ್ನು ನಾನು ಮೊದಲು ಕೇಳಿದ್ದು ಅವತ್ತೇ.

ಶನಿವಾರ ಬೆಳಗ್ಗೆ ಆರಕ್ಕೆ ಹೊರಟರು. ಎಂಟೂವರೆಗೆ ನನಗೆ ಫೋನು ಬಂತು.

ಅರವತ್ತು ಕಿಲೋಮೀಟರ್ ಗಾಡಿ ಹಂಸದ ಹಾಗೇ ಹೋಗಿತ್ತಂತೆ. ಪೆಟ್ರೋಲ್ ಹಾಕಿಸಿಕೊಂಡು ರಸ್ತೆಗೆ ತಿರುಗಿಸುವಾಗ ಎದುರಿಗೆ ಲಾರಿ ಬಂತೆಂದು ಮೆತ್ತಣ್ಣ ಮುಂದಿನ ಬ್ರೇಕು ಹಿಡಿದ. ಕೆಳಗೆ ಜಲ್ಲಿ. ಅತ್ತಿಗೆ ಬಲಗೈ ಊರಿದರು. ಗಾಡಿಯ ಪೆಟ್ಟಿಗೆ ಆ ಮಣಿಕಟ್ಟಿನ ಮೇಲೇ ಒರಗಿತು.

ಬಂಕು ಬೇರೆ, ಬಿದ್ದ ರೀತಿ ಅದೇ. ನಾನು ಹೇಳದೆ ಬಿಟ್ಟಿದ್ದ ಒಂದು ವಾಕ್ಯದ ಮೇಲೆ ಅವರು ಬಿದ್ದಿದ್ದರು.

ಆಸ್ಪತ್ರೆಯ ಹಸಿರು ಬಣ್ಣದ ಕಾರಿಡಾರಿನಲ್ಲಿ ನಾವು ಮೂವರೂ ಸೇರಿದೆವು. ಅತ್ತಿಗೆಯ ಕೈಯಲ್ಲಿ ಎರಡು ಮೂಳೆ ಮುರಿದಿವೆ, ಪ್ಲೇಟು ಕೂರಿಸಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಟೈಲ್ಸಿನವರು ನೆಲ ನೋಡುತ್ತಾ, "ನಾನೂ ಬಿದ್ದಿದ್ದೆ, ಎರಡು ಸಲ. ಒಂದು ಸಲ ಮನೆಯ ಗೇಟಲ್ಲೇ" ಎಂದರು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನಾನು ಮೂರು." ನಾನು ಒಂದು ಎಂದೆ. ಒಟ್ಟು ಆರು ಸಲ ಬಿದ್ದಿದ್ದೆವು. ಒಬ್ಬರ ಮುಂದೊಬ್ಬರು ಎರಡು ವರ್ಷ ನೆಟ್ಟಗೆ ನಿಂತಿದ್ದೆವು.

ನಾನು ಓದಿದ ಕಾನ್ವೆಂಟಿನಲ್ಲಿ, ತಪ್ಪು ತಾನಾಗಿ ಒಪ್ಪಿಕೊಂಡವನನ್ನು ಬೆಂಚಿನ ಮೇಲೆ ಅರ್ಧ ಗಂಟೆ ಮಾತ್ರ ನಿಲ್ಲಿಸುತ್ತಿದ್ದರು, ಸಿಕ್ಕಿಬಿದ್ದವನನ್ನು ಇಡೀ ದಿನ. ಆ ಲೆಕ್ಕದಲ್ಲೇ ನಾನು ಮೆತ್ತಣ್ಣನ ಹತ್ತಿರ ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಅವನ ಪ್ಯಾಂಟು ಮೊಣಕಾಲಿನ ಹತ್ತಿರ ಹರಿದಿತ್ತು.

"ಅಣ್ಣಾ, ಅವತ್ತು ನಾನು ಹೇಳಿದ್ದು ಸುಳ್ಳು. ನಾನೂ ಹೀಗೇ ಬಿದ್ದಿದ್ದೆ. ನಮ್ಮನೆಯವಳು ಆ ಸೀಟಿನ ಮೇಲೆ ಕೂತು ಎರಡು ವರ್ಷ ಆಯ್ತು."

"ಗೊತ್ತು" ಎಂದ.

ನನಗೆ ಅರ್ಥವಾಗಲಿಲ್ಲ.

"ನಿನ್ನ ಸೀಟು ಬಿಚ್ಚಿದ್ದು ನಾನೇ ಅಲ್ವೇನೋ. ಮುಂದಿನ ಸ್ಪಂಜು ಅಪ್ಪಚ್ಚಿಯಾಗಿತ್ತು, ಹಿಂದಿನದು ಫ್ಯಾಕ್ಟರಿಯಿಂದ ಬಂದ ಹಾಗೇ ಇತ್ತು. ಯಾರೂ ಕೂರದ ಸೀಟು ನಂಗೆ ಗೊತ್ತಾಗಲ್ವಾ? ನೀನು ಆ ಮಾತು ಹೇಳುವಾಗ ಮರಳಿನ ಮೇಲೆ ಮೂರು ಸಲ ಜರುಗಿದೆ. ಗುಳಿ ಕಲಸಿಹೋಗಿತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ನಿಜ ಹೇಳ್ತಿದ್ದೆ." ಅವನು ಹರಿದ ಬಟ್ಟೆಯ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ನಂಗೆ ಬೇಕಾಗಿದ್ದದ್ದು ಅದಲ್ಲ. ಆ ಸುಳ್ಳೇ ಬೇಕಾಗಿತ್ತು ಕಣೋ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಪ್ಪಿನಲ್ಲಿ ಪಾಲು ಕೇಳಿ ನನ್ನ ಪಾಲಿನದನ್ನು ಇನ್ನೂ ಭಾರ ಮಾಡಿದ. ಎತ್ತಲು ಅಲ್ಲಿ ಪೆಟ್ರೋಲ್ ಹಾಕುವವರು ಯಾರೂ ಇರಲಿಲ್ಲ.

ಅತ್ತಿಗೆ ಮೂರು ದಿನದ ಮೇಲೆ ಮನೆಗೆ ಬಂದರು. ಕೈ ಕೂಡುತ್ತದೆ, ಬೆರಳಿನ ಹಿಡಿತ ಮೊದಲಿನ ಹಾಗೆ ಬರುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರು ಮೂಳೆ ಡಾಕ್ಟರು. ನಾನು ದಿನಾ ಸಂಜೆ ಹಣ್ಣು ಹಿಡಿದು ಹೋಗುತ್ತಿದ್ದೆ. ಐದನೇ ದಿನ ಅವರೇ ಹೇಳಿದರು: "ಹಣ್ಣು ಸಾಕು. ನನ್ನ ಕೈ ಮುರಿದಿರೋದು, ಹಲ್ಲಲ್ಲ. ಜಗಿಯೋ ಕೆಲಸ ಎಷ್ಟು ಅಂತ ಕೊಡ್ತೀರಿ?" ನಗಿಸಲೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ.

ಅಂಗಡಿಯಲ್ಲಿ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಮೆತ್ತಣ್ಣ ತಾನೇ ಪೈಪಿಂಗ್ ಹಾಕಲು ಹೋಗಿ ಎರಡು ಸೀಟು ಕೆಡಿಸಿದ. ಆಮೇಲೆ ಅಂಚಿಲ್ಲದ ಸಾದಾ ಸೀಟುಗಳನ್ನಷ್ಟೇ ಒಪ್ಪಿಕೊಂಡ. ದೊಡ್ಡ ಗಾಡಿಯನ್ನು ಮಾರಲು ಇಟ್ಟ, ಆದರೆ ನೋಡಲು ಬಂದವರಿಗೆಲ್ಲ ಮೊದಲು ತಾನು ಬಿದ್ದ ಕಥೆ ಹೇಳಿ, ಆಮೇಲೆ ಬೀಗದ ಕೈ ಕೊಡುತ್ತಿದ್ದ. ಹೀಗೆ ಮಾರಿದರೆ ಯಾರು ಕೊಳ್ಳುತ್ತಾರೆ? ಆರು ಜನ ವಾಪಸ್ ಹೋದರು. ಏಳನೆಯವನು ಆರಡಿ ಎತ್ತರದ ಆಳು, ಮಲಗಿಸಿದ ಗಾಡಿಯನ್ನು ಎರಡು ಸಲ ಒಬ್ಬನೇ ಎತ್ತಿ ತೋರಿಸಿ ತಗೊಂಡು ಹೋದ. ಹಿಂದಿನ ಸೀಟನ್ನು ಮಾತ್ರ ಮೆತ್ತಣ್ಣ ಕೊಡಲಿಲ್ಲ. ಬೇರೊಂದು ಮಾಡಿ ಕೂರಿಸಿದ. ಅತ್ತಿಗೆಯದನ್ನು ಒರಗಿನ ಸಮೇತ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿಗೆ ಬೋಲ್ಟು ಹಾಕಿ ಬಿಗಿದ.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅತ್ತಿಗೆಯೇ ಫೋನು ಮಾಡಿ, "ನಿಮ್ಮ ಹಿಂದಿನ ಸೀಟು ತನ್ನಿ, ನನ್ನ ಕೈ ಹೇಗೆ ಓಡುತ್ತೆ ನೋಡಬೇಕು" ಎಂದರು. ಕೊಟ್ಟು ಬಂದೆ. ಎರಡು ವಾರದ ನಂತರ ಬರಹೇಳಿದರು.

ಸೀಟು ಮೇಜಿನ ಮೇಲಿತ್ತು. ಮೆತ್ತಣ್ಣ ಸ್ಪಂಜು ಕತ್ತರಿಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ, ಕತ್ತಿ ಮಾತ್ರ ಓಡುತ್ತಿರಲಿಲ್ಲ. ಅತ್ತಿಗೆ ಸ್ಟೂಲಿನ ಮೇಲೆ ಬಲಗೈಯನ್ನು ಎಡಗೈಯಿಂದ ಉಜ್ಜಿಕೊಳ್ಳುತ್ತಾ ಕೂತಿದ್ದರು.

"ಹೇಗಿದೆ? ನಿಮ್ಮ ಅಭಿಪ್ರಾಯ ಹೇಳಿ."

ಬಲಬದಿಯ ಗೆರೆ ನೂಲು ಹಿಡಿದು ಎಳೆದಂತೆ ನೆಟ್ಟಗಿತ್ತು. ಎಡಮೂಲೆಯಲ್ಲಿ, ಬಾಗಿದ ಸೂಜಿಯ ಜಾಗದಲ್ಲಿ, ಅದು ಅಲುಗಿ ಅಲುಗಿ ಸಾಗಿತ್ತು. ನಾಲ್ಕು ಹೊಲಿಗೆ ಒಂದರ ಮೇಲೊಂದು ಹತ್ತಿದ್ದವು. ಬೆರಳು ಎಲ್ಲೆಲ್ಲಿ ಸೋತಿತೆಂದು ಎಣಿಸಬಹುದಿತ್ತು. 'ಅದ್ಭುತ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಾಕುನಾಯಿಯ ಹಾಗೆ ಕರೆಯದೆಯೇ ಬರುವ ಮಾತು ಅದು. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು. ನಿಂತಲ್ಲೇ ನಾನು ಒಂದು ಸಲ ಜರುಗಿದೆನೆಂದು ಕಾಣುತ್ತದೆ.

"ಬಲಗಡೆ ಚೆನ್ನಾಗಿದೆ ಅತ್ತಿಗೆ" ಎಂದೆ. "ಎಡಮೂಲೆ ಸೊಟ್ಟಗಿದೆ. ಮೊದಲಿನ ಹಾಗಿಲ್ಲ."

ಅತ್ತಿಗೆ ಸೀಟನ್ನು ತಮ್ಮ ಕಡೆ ಎಳೆದುಕೊಂಡು ಆ ಮೂಲೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ನಂಗೂ ಹಾಗೇ ಅನ್ನಿಸಿತ್ತು. ಇವರನ್ನ ಕೇಳಿದ್ರೆ ಸೂಪರ್, ಸೂಪರ್ ಅಂತಾರೆ." ಡ್ರಾಯರ್ ಎಳೆದು ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆಯನ್ನು ತೆಗೆದು ನನ್ನ ಕೈಗಿಟ್ಟರು. "ಕೂತ್ಕೊಳ್ಳಿ. ಹುಷಾರಾಗಿ ಬಿಚ್ಚಿ, ರೆಕ್ಸಿನ್ ಹರೀಬಾರದು. ನಾಳೆ ಇನ್ನೊಂದು ಸಲ ಹಾಕ್ತೀನಿ."

ಕೂರಲು ಮರಳುಚೀಲ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅಲ್ಲೇ ಕೂತು, ಅವರ ಒಂದೊಂದೇ ಹೊಲಿಗೆಯನ್ನು ಬಿಚ್ಚತೊಡಗಿದೆ.