ಹಡಗಿನ ಮುಂದಿಟ್ಟ ನಿಂಬೆಹಣ್ಣು

ಶಕುನ, ಪವಾಡ ಅಂದರೆ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಅಮೆರಿಕದ ಗೈದರ್ಸ್‌ಬರ್ಗ್‌ನ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿ, ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ಪಕ್ಕದ ಮನೆಯಲ್ಲಿ ವಯಸ್ಸಾದ ಫ್ರೆಂಚ್ ಹೆಂಗಸೊಬ್ಬರಿದ್ದರು. ಮಗಳು ಆಂಟಿ ಎನ್ನುತ್ತಿದ್ದಳು, ನಮಗೂ ಅವರು ಆಂಟಿಯೇ ಆದರು. ಅವರ ತಂದೆ ಯುದ್ಧಕಾಲದಲ್ಲಿ ಮೈನ್, ಅಂದರೆ ಶತ್ರುಗಳು ಸಮುದ್ರದಲ್ಲಿ ಅಡಗಿಸಿಟ್ಟ ದುಂಡನೆಯ ಸಿಡಿಗುಂಡು, ತೆಗೆಯುವ ಹಡಗಿನಲ್ಲಿದ್ದವರು. ಮೊದಲು ಅದು ಮೀನು ಹಿಡಿಯುವ ಹಡಗು. ನೌಕಾಪಡೆ ಅದನ್ನು ತೆಗೆದುಕೊಂಡು ಹಿಂಭಾಗಕ್ಕೆ ಉಕ್ಕಿನ ಹಗ್ಗ ಕಟ್ಟಿತು. ಆ ಹಗ್ಗವನ್ನು ನೀರೊಳಗೆ ಎಳೆದುಕೊಂಡು ಹೋಗಿ, ಸಮುದ್ರದ ತಳಕ್ಕೆ ಬಿಗಿದ ಮೈನ್‌ಗಳ ಕಟ್ಟು ಕತ್ತರಿಸಿ ತೇಲಿಸಿ, ಬಂದೂಕಿನಿಂದ ಹೊಡೆದು ಸಿಡಿಸುವುದು ಅದರ ಕೆಲಸ. ಒಂದು ಬೆಳಿಗ್ಗೆ ಬೇರೆ ಹಡಗುಗಳಿಗೆ ದಾರಿ ಮಾಡಲು ಮುಂದೆ ಹೋದದ್ದು ಮರಳಲಿಲ್ಲ. ಅದರ ಚರಿತ್ರೆ ಅಲ್ಲಿಗೆ ಮುಗಿಯುತ್ತದೆ. ಅಪ್ಪ ದಾರಿ ಮಾಡಿಕೊಟ್ಟು ಹೋದರೋ, ಅದಕ್ಕೂ ಮೊದಲೇ ಹೋದರೋ ಎಂಬುದೊಂದೇ ಆಂಟಿಯ ಜೀವಮಾನದ ಕೊರಗು.

ಅವರ ಕಣ್ಣು ಮಂಜಾಗುತ್ತಿತ್ತು. ದೂರದ ಷಾರ್ಲೆಟ್ ನಗರದಲ್ಲಿದ್ದ ಮಗನ ಮನೆಗೆ ಹೋಗಿ ಇರಲು ಹೊರಟಿದ್ದರು. ಅಷ್ಟರಲ್ಲಿ ಆ ಹಡಗನ್ನು ಮರದಲ್ಲಿ ಮಾಡಿಯೇ ತೀರಬೇಕೆಂದು ನಾನು ಹಠ ಹಿಡಿದು ಗರಾಜಿನಲ್ಲಿ ಕೂತೆ. ಹಗ್ಗಕ್ಕೆ ದಪ್ಪ ದಾರ, ಅದನ್ನು ಸುತ್ತುವ ರಾಟೆಗೆ ಹೆಂಡತಿಯ ಹೊಲಿಗೆಯ ರೀಲು.

ಮುಗಿದದ್ದು ಆಯುಧಪೂಜೆಯ ದಿನ. ಉಳಿ, ಸುತ್ತಿಗೆ, ಕಾರಿನ ಜೊತೆ ಹಡಗಿಗೂ ಕುಂಕುಮ ಹಚ್ಚಿದೆ. ಕಾರಿನ ಚಕ್ರಕ್ಕೆ ಇಟ್ಟ ಕೈ, ಸುಮ್ಮನಿರದೆ ಹಡಗಿನ ಮೂತಿಯ ಮುಂದೆ, ರಂಗೋಲಿಯ ಮೇಲೆ ಕುಂಕುಮ ಹಚ್ಚಿದ ಎರಡು ನಿಂಬೆಹಣ್ಣು ಇಟ್ಟಿತು. ಆಂಟಿ ಬಂದು ಹಡಗನ್ನೆಲ್ಲ ಬೆರಳಿನಿಂದ ತಡವಿ ನೋಡಿದರು. ನಿಂಬೆ ತಾಗಿದೊಡನೆ ಕೈ ಹಿಂದೆಗೆದು, ಇವು ಮೈನ್‌ಗಳ ಹಾಗೇ ಇವೆ ಎಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತೆಗೆಯಲು ಹೋದರೆ ಹೆಂಡತಿ ಬಿಡಲಿಲ್ಲ.

"ಪೂಜೆಗಿಟ್ಟಿದ್ದನ್ನ ನಾಳೆ ಮಂಗಳಾರತಿ ಆಗೋವರ್ಗೂ ಮುಟ್ಬಾರ್ದು ರೀ."

ಮರುದಿನ ಬೆಳಿಗ್ಗೆಯೂ ಅವು ಅಲ್ಲೇ ಇದ್ದವು. ಗರಾಜಿಗೆ ಬೀಗ ಹಾಕಿ ನಾನು, ಹೆಂಡತಿ, ಮಗಳು ಮೂವರೂ ಫೇರ್‌ಫ್ಯಾಕ್ಸ್‌ಗೆ ಹಬ್ಬದ ಊಟಕ್ಕೆ ಹೋದೆವು. ಮಧ್ಯಾಹ್ನ ಬಂದು ಬಾಗಿಲೆತ್ತಿದರೆ ನಿಂಬೆಹಣ್ಣುಗಳು ಹಡಗಿನ ಹಿಂದಿದ್ದವು, ದಾರದ ಆಚೆಗೊಂದು, ಈಚೆಗೊಂದು. ರಂಗೋಲಿಯ ಒಂದೆಳೆಯೂ ಕದಡಿರಲಿಲ್ಲ. ಮುಂದೆ, ಅವು ಇದ್ದ ಜಾಗದಲ್ಲಿ, ಕುಂಕುಮದ ಗುರುತು ಹಾಗೇ ಇತ್ತು.

ನಾನು ಇಂಜಿನಿಯರು, ಅಷ್ಟಕ್ಕೇ ಬಿಡುವವನಲ್ಲ. ನೆಲದ ಮಟ್ಟ ನೋಡಿದೆ, ಇಲಿ ಹುಡುಕಿದೆ, ಬೀಗ ತಿರುವಿ ನೋಡಿದೆ. ಮಗಳನ್ನು ಕೇಳಿದರೆ "ಡ್ಯಾಡ್, ನಾನು ನಿಮ್ ಜೊತೇನೇ ಇದ್ದೆ" ಎಂದು ನಕ್ಕಳು. ಕೊನೆಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಆಂಟಿಗೆ ಹೇಳಿದೆ.

"ಹಾಗಾದ್ರೆ ದಾರಿ ಆಗಿತ್ತು," ಎಂದರು ಮೆಲ್ಲಗೆ, ಇಂಗ್ಲಿಷಿನಲ್ಲಿ. ನನ್ನ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತೆ.

ಹಡಗು ಅವರ ಜೊತೆ ಷಾರ್ಲೆಟ್‌ಗೆ ಹೋಯಿತು. ಅವರು ಈಗಿಲ್ಲ. ನಾನು ಅದೇ ಅಳತೆಯ ಇನ್ನೊಂದು ಹಡಗು ಮಾಡಿದೆ. ಪ್ರತಿ ಆಯುಧಪೂಜೆಗೂ ಅದರ ಮುಂದೆ ನಿಂಬೆಹಣ್ಣು ಇಟ್ಟು, ಮರುದಿನ ಬೀಗ ಹಾಕಿಕೊಂಡು ಊಟಕ್ಕೆ ಹೋಗಿ ಬರುತ್ತೇನೆ. ಅವು ಇಟ್ಟಲ್ಲೇ ಇರುತ್ತವೆ. ಈ ಹಡಗಿನಲ್ಲಿ ಯಾರ ಅಪ್ಪನೂ ಇಲ್ಲವಲ್ಲ ಎನ್ನುತ್ತಾಳೆ ಹೆಂಡತಿ. ನನಗೆ ಅದು ಒಪ್ಪಿಗೆಯಿಲ್ಲ, ಬೇರೆ ಉತ್ತರವೂ ಸಿಕ್ಕಿಲ್ಲ. ಈ ವರ್ಷವೂ ಇಡುತ್ತೇನೆ.